ಹೆಗಲು ಜಾರದ ಬ್ಲೌಸ್

ನಮ್ಮ ಲೈಬ್ರರಿಯಲ್ಲಿ ಪ್ಲಸ್ ಗುರುತು ಹಾಕುವ ಅಧಿಕಾರ ಬಹಳ ವರ್ಷ ನನ್ನೊಬ್ಬಳದೇ ಆಗಿತ್ತು. ಕೇಳಿದವರಿಗೆ ನಗು ಬರಬಹುದು. ಪುಸ್ತಕದ ಜೊತೆ ಬೇರೆ ಏನಾದರೂ ಬಂದಾಗ, ಭೂಪಟವೋ, ಸಿ.ಡಿ.ಯೋ, ಮಕ್ಕಳು ಕತ್ತರಿಸಿ ಅಂಟಿಸುವ ಹಾಳೆಗಳೋ, ಕ್ಯಾಟಲಾಗಿನಲ್ಲಿ ಮೊದಲು ಪುಸ್ತಕದ ಪುಟ ಮತ್ತು ಅಳತೆ ಬರೆದು, ಆಮೇಲೆ ಒಂದು ಪ್ಲಸ್ ಹಾಕಿ, ಅದರ ಮುಂದೆ ಜೊತೆಗೆ ಬಂದದ್ದನ್ನು ಬರೆಯಬೇಕು. ಪ್ಲಸ್ಸಿನ ಎಡಕ್ಕೆ ಯಾವುದು, ಬಲಕ್ಕೆ ಯಾವುದು ಎಂದು ತೀರ್ಮಾನಿಸುತ್ತಿದ್ದವಳು ನಾನು. ಎಡಗಡೆಯದು ಶೆಲ್ಫಿಗೆ ಹೋಗುತ್ತಿತ್ತು. ಬಲಗಡೆಯದು ಅದೇ ನಂಬರು ಬರೆಸಿಕೊಂಡು, ಲಕೋಟೆಯೊಳಗೆ ಸೇರಿ, ನನ್ನ ಕುರ್ಚಿಯ ಹಿಂದಿನ ಬೀರುವಿಗೆ ಹೋಗುತ್ತಿತ್ತು. ಬೀರುವಿನ ಕೀಲಿಕೈ ನನ್ನ ಹತ್ತಿರ ಇರುತ್ತಿತ್ತು.

ಕೇಳಿದವರಿಗೆ ಕೊಡುತ್ತಿದ್ದೆ. ಕೇಳದವರಿಗೆ ಹೀಗೊಂದು ಇದೆ ಎಂದು ನಾನಾಗಿ ಹೇಳುತ್ತಿರಲಿಲ್ಲ. ಇದಕ್ಕೆ ಕಾರಣವಿತ್ತು. ನಾನು ಸೇರಿದ ಹೊಸದರಲ್ಲಿ ಎಲ್ಲವನ್ನೂ ಪುಸ್ತಕದ ಜೊತೆಗೇ ಕೊಟ್ಟು ನೋಡಿದ್ದೆ. ಒಂದು ಭೂಪಟ ಯಾರದೋ ಮನೆಯಲ್ಲಿ ಟಿಫನ್ ಡಬ್ಬಿಯ ಅಡಿಗೆ ಹಾಸಾಗಿ, ಬಳ್ಳಾರಿಯ ಮೇಲೆ ಸಾರಿನ ಕಲೆ ಹೊತ್ತು ವಾಪಸ್ಸು ಬಂತು. ಅವತ್ತಿನಿಂದ ಬೀರುವಿಗೆ ಬೀಗ ಬಿತ್ತು. ನಂತರ ಒಂದೇ ಒಂದು ಹಾಳೆ ಕಳೆದಿಲ್ಲ.

ಲೈಬ್ರರಿ ಇರುವುದು ಜಯನಗರದಲ್ಲಿ, ಮರಗಳು ರಸ್ತೆಯ ಮೇಲೆ ಬಾಗಿಕೊಂಡಿರುವ ಒಂದು ಕ್ರಾಸಿನಲ್ಲಿ. ಒಂದು ಟ್ರಸ್ಟಿನವರು ನಡೆಸುತ್ತಾರೆ. ಕೆಳಗೆ ಪುಸ್ತಕಗಳು, ಪೇಪರ್ ಓದುವ ಮೇಜು, ನಾನು. ಮೇಲೆ ಒಂದು ದೊಡ್ಡ ಕೋಣೆ, ಮೂರು ಕಡೆ ಕಿಟಕಿ. ಅದರಲ್ಲಿ ಕಾಲು ಮುರಿದ ಕುರ್ಚಿಗಳನ್ನು ತುಂಬಿದ್ದರು. ಆ ಕೋಣೆಯ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಕುರ್ಚಿಗಳನ್ನು ಗುಜರಿಗೆ ಹಾಕಿ, ಕಿಟಕಿಯ ಪಕ್ಕ ಒಂದು ಮೇಜಿಟ್ಟು, ಒಂದು ಒಳ್ಳೆಯ ಸಂಗ್ರಹವನ್ನು ನನ್ನದೇ ಕ್ರಮದಲ್ಲಿ ಜೋಡಿಸಿ, ಅದಕ್ಕೆ ನಾನೇ ಯಜಮಾನಿಯಾಗಿ ಕೂರಬೇಕು ಎಂಬುದು ನನ್ನ ಆಸೆ. ನಿವೃತ್ತಿಗೆ ಮುಂಚೆ ಅದೊಂದು ಆದರೆ ಸಾಕಿತ್ತು. ಕತ್ರಿಗುಪ್ಪೆಯಿಂದ ಬಸ್ಸಿನಲ್ಲಿ ನಿಂತು ಬರುವಾಗೆಲ್ಲ ಮನಸ್ಸಿನಲ್ಲಿ ಆ ಕೋಣೆಗೆ ಪರದೆ ಹಾಕುತ್ತಿದ್ದೆ.

ಹೀಗಿರುವಾಗ ಅವಳು ಬಂದಳು. ನನ್ನ ಕೈಕೆಳಗೆ ಒಬ್ಬರು ಬೇಕೆಂದು ನಾನೇ ಗೋಗರೆದು ಕೇಳಿದ್ದೆ, ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಪುಟ್ಟೇನಹಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ವಯಸ್ಸಿನಲ್ಲಿ ನನ್ನ ಮಗಳಾಗಬಹುದಾದವಳು. ನನ್ನಂತೆಯೇ ಗ್ರಂಥಾಲಯ ವಿಜ್ಞಾನ ಓದಿದವಳು, ನಿಯಮಗಳನ್ನೆಲ್ಲ ಬಲ್ಲವಳು. ಹೆಲ್ಮೆಟ್ ತೆಗೆದರೂ ಅವಳ ಕೂದಲು ಕೆದರುತ್ತಿರಲಿಲ್ಲ. ಮೊದಲ ದಿನವೇ ನನಗೆ ಅದು ಹಿಡಿಸಲಿಲ್ಲ.

ಬಂದ ಸ್ವಲ್ಪ ದಿನಕ್ಕೆ ಒಂದು ಮಗು ಅಳುಮುಖ ಮಾಡಿಕೊಂಡು ಕೌಂಟರಿಗೆ ಬಂತು. ಅದು ತೆಗೆದುಕೊಂಡು ಹೋಗಿದ್ದದ್ದು ಮಾತಾಡುವ ಪುಸ್ತಕ. ಜೊತೆಗಿರುವ ಪೆನ್ನನ್ನು ಚಿತ್ರಕ್ಕೆ ಮುಟ್ಟಿಸಿದರೆ ಹಕ್ಕಿ ಕೂಗುತ್ತದೆ, ಹಸು ಅಂಬಾ ಎನ್ನುತ್ತದೆ. ಪೆನ್ನು ಪ್ಲಸ್ಸಿನ ಬಲಗಡೆಯದು, ಆದ್ದರಿಂದ ನನ್ನ ಬೀರುವಿನಲ್ಲಿತ್ತು.

"ಆಂಟಿ, ಬುಕ್ಕು ಮಾತಾಡ್ತಾನೇ ಇಲ್ಲ" ಎಂದಿತು ಮಗು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಮೇಜಿನ ಮೇಲಿದ್ದ ಕೀಲಿಕೈ ತೆಗೆದುಕೊಂಡು, ಬೀರು ತೆರೆದು, ಪೆನ್ನು ತೆಗೆದು, ಮಗುವಿನ ಕೈ ಹಿಡಿದು ಕೋಗಿಲೆಯ ಮೇಲೆ ಇಟ್ಟಳು. ಪುಸ್ತಕ ಕೂಗಿತು. ಪೇಪರ್ ಓದುತ್ತಿದ್ದ ಅಂಕಲ್‌ಗಳೆಲ್ಲ ಕನ್ನಡಕ ಏರಿಸಿ ನಕ್ಕರು. ನಾನು ಇಷ್ಟು ವರ್ಷ ಅವರ ಎದುರಿಗೇ ಕೂತಿದ್ದೇನೆ, ನನ್ನನ್ನು ನೋಡಿ ಅವರು ಯಾರೂ ಹಾಗೆ ನಕ್ಕಿರಲಿಲ್ಲ.

ಆಮೇಲೆ ಅವಳು ಚೀಲಗಳನ್ನು ಶುರು ಮಾಡಿದಳು. ಬೆಡ್‌ಶೀಟು, ರಗ್ಗು ಕೊಂಡಾಗ ಬರುವ ಜಿಪ್ಪಿನ ಪ್ಲಾಸ್ಟಿಕ್ ಚೀಲಗಳಿವೆಯಲ್ಲ, ನಮ್ಮ ಕಡೆಯ ಯಾವ ಹೆಂಗಸೂ ಅವನ್ನು ಎಸೆಯುವುದಿಲ್ಲ. ಯಾವತ್ತಾದರೂ ಬೇಕಾಗುತ್ತದೆ ಎಂದು ಮಡಚಿ ಹಾಸಿಗೆಯ ಕೆಳಗೆ ಇಟ್ಟಿರುತ್ತೇವೆ. "ಮನೇಲಿರೋ ಖಾಲಿ ಜಿಪ್ ಬ್ಯಾಗ್ ತಂದ್ಕೊಡಿ ಆಂಟಿ, ಪ್ಲೀಸ್" ಎಂದು ಅವಳು ಬಂದವರಿಗೆಲ್ಲ ಹೇಳಿದಳು. ಜಯನಗರದ ಹಾಸಿಗೆಗಳ ಕೆಳಗಿದ್ದದ್ದೆಲ್ಲ ನಮ್ಮ ಲೈಬ್ರರಿಗೆ ಬಂತು. ಪುಸ್ತಕ ಮತ್ತು ಅದರ ಜೊತೆಯದು ಒಂದೇ ಚೀಲದಲ್ಲಿ. ಚೀಲಕ್ಕೊಂದು ಹ್ಯಾಂಗರ್. ಗೋಡೆಗೆ ಒಂದು ಕಬ್ಬಿಣದ ಸರಳು. ಲಾಂಡ್ರಿ ಅಂಗಡಿಯ ಹಾಗೆ ಕಾಣುತ್ತದೆ ಎಂದು ನಾನು ಟ್ರಸ್ಟಿನ ಸೆಕ್ರೆಟರಿಗೆ ಹೇಳಿದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಮನುಷ್ಯ, ಯಾರಿಗೂ ಇಲ್ಲ ಎನ್ನುವವರಲ್ಲ.

"ಚೆನ್ನಾಗೇ ಕಾಣ್ತಿದೆಯಲ್ಲ ಮೇಡಂ" ಎಂದರು.

ಚೆನ್ನಾಗಿಯೇ ಕಾಣುತ್ತಿತ್ತು. ಕೋಪ ಬಂದದ್ದು ಅದಕ್ಕೇ.

ಇದೆಲ್ಲವನ್ನೂ ಸಹಿಸಿಕೊಂಡಿದ್ದೆ, ಯಾಕೆಂದರೆ ನನ್ನ ಬಳಿ ಟೀಚರ್ ಇದ್ದರು. ಟೀಚರ್ ಎಂದರೆ ಜಯನಗರದಲ್ಲಿ ಎಷ್ಟೋ ವರ್ಷ ಹೊಲಿಗೆ ಕ್ಲಾಸು ನಡೆಸಿದವರು. ಅವರ ಮನೆಯ ಹಾಲಿನಲ್ಲಿ ಸಾಲಾಗಿ ಇಟ್ಟ ಮೆಷಿನ್‌ಗಳಲ್ಲಿ ಬನಶಂಕರಿ, ಜೆ.ಪಿ. ನಗರದ ಕಡೆಯಿಂದೆಲ್ಲ ಹೆಣ್ಣುಮಕ್ಕಳು ಬಂದು ಹೊಲಿಯಲು ಕಲಿತರು. ನಾನೂ ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜಾ ಅಲ್ಲಿಗೆ ಹೋಗಿದ್ದೆ. ನನಗೆ ಹೊಲಿಗೆ ಬರಲಿಲ್ಲ. ರಜಾ ಮುಗಿದಾಗ ಟೀಚರ್ ನನ್ನ ತಲೆ ನೇವರಿಸಿ, "ನೀನು ಓದ್ಕೋ ಮಗು" ಎಂದಿದ್ದರು. ನಾನು ಓದಿಕೊಂಡೆ. ಈಗ ಅವರಿಗೆ ವಯಸ್ಸಾಗಿದೆ, ಕ್ಲಾಸು ನಿಲ್ಲಿಸಿದ್ದಾರೆ. ಗುರುವಾರಕ್ಕೊಮ್ಮೆ ಲೈಬ್ರರಿಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು ವಾರಪತ್ರಿಕೆ ತಿರುವಿ ಹಾಕುತ್ತಾರೆ. ಬರುವಾಗ ಮನೆಯ ಮುಂದಿನ ಮರದ ಒಂದು ಸಂಪಿಗೆ ಹೂವು ತಂದು ನನ್ನ ಮೇಜಿನ ಮೇಲಿಡುತ್ತಿದ್ದರು.

ತಮ್ಮ ಹೊಲಿಗೆ ಪುಸ್ತಕಗಳನ್ನೂ ಪೇಪರ್ ಕಟಿಂಗ್‌ಗಳನ್ನೂ ಲೈಬ್ರರಿಗೆ ಕೊಡುವುದಾಗಿ ಅವರು ಹೇಳುತ್ತಲೇ ಇದ್ದರು. ಪೇಪರ್ ಕಟಿಂಗ್ ಎಂದರೆ ಬಟ್ಟೆಯ ಮೇಲಿಟ್ಟು ಗೆರೆ ಎಳೆದುಕೊಂಡು ಕತ್ತರಿಸುವ ಕಾಗದದ ಅಚ್ಚು. ಬ್ಲೌಸಿನ ಮುಂಭಾಗಕ್ಕೆ ಒಂದು, ಬೆನ್ನಿಗೆ ಒಂದು, ತೋಳಿಗೆ ಒಂದು, ಸೊಂಟದ ಪಟ್ಟಿಗೆ ಒಂದು. "ಎಲ್ಲಾ ನಿನ್ನ ಕೈಗೇ ಕೊಡೋದು ಕಣೇ" ಎನ್ನುತ್ತಿದ್ದರು. ಆ ಸಂಗ್ರಹ ಬಂದರೆ ಮೇಲಿನ ಕೋಣೆ ತೆರೆಯಲೇಬೇಕಾಗುತ್ತದೆ, ತೆರೆದರೆ ಅದು ನನ್ನದೇ ಆಗುತ್ತದೆ ಎಂದು ನಾನು ಧೈರ್ಯವಾಗಿದ್ದೆ.

ಒಂದು ಗುರುವಾರ ಟೀಚರ್ ಎರಡು ಸಂಪಿಗೆ ತಂದರು. ಒಂದನ್ನು ನನ್ನ ಮೇಜಿನ ಮೇಲಿಟ್ಟು, ಇನ್ನೊಂದನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮುಡಿದುಕೊಂಡಳು. ನಾನು ನನ್ನದನ್ನು ಯಾವತ್ತೂ ಮುಡಿದಿರಲಿಲ್ಲ, ನೀರಿನ ಲೋಟದ ಪಕ್ಕ ಇಡುತ್ತಿದ್ದೆ. ಅವತ್ತು ಮಧ್ಯಾಹ್ನವೆಲ್ಲ ಎರಡು ಹೂವುಗಳನ್ನೂ ಕಣ್ಣಿನಲ್ಲೇ ಅಳೆದೆ. ಅವಳದು ದೊಡ್ಡದಿತ್ತು.

ಕೊನೆಗೆ ಟೀಚರ್ ಮನೆಯಿಂದ ಆಟೋದಲ್ಲಿ ಟ್ರಂಕು ಬಂತು. ನಾನೂ ಅವಳೂ ಸೇರಿ ಇಳಿಸಿಕೊಂಡೆವು. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ. ಪುಸ್ತಕಗಳು ಒಂದು ಕಡೆ, ಕಟಿಂಗ್‌ಗಳು ಒಂದು ಕಡೆ. ಪುಸ್ತಕದ ಜೊತೆಗೆ ಅಚ್ಚಾಗಿ ಬಂದ ಹಾಳೆಗಳು ಕೆಲವು. ಮಿಕ್ಕವು ಟೀಚರ್ ತಾವೇ ಖಾಕಿ ಕಾಗದದಲ್ಲಿ, ಹಳೆಯ ದಿನಪತ್ರಿಕೆಯಲ್ಲಿ ಕತ್ತರಿಸಿದಂಥವು. ಎಲ್ಲದರ ಮೇಲೂ ಗುಂಡುಸೂಜಿಯ ತೂತುಗಳು.

ಅಲ್ಲಿಂದಲೇ ಜಗಳ ಶುರುವಾಯಿತು. ನಿಯಮದ ಪ್ರಕಾರ ಪುಸ್ತಕದ ಜೊತೆ ಪ್ರಕಟವಾಗಿ ಬಂದದ್ದು ಮಾತ್ರ ಜೊತೆಯ ಸಾಮಗ್ರಿ. ಓದಿದವರು ನಡುವೆ ಸಿಕ್ಕಿಸಿದ್ದಕ್ಕೆ ಪ್ಲಸ್ ಇಲ್ಲ. ಟೀಚರ್ ಕತ್ತರಿಸಿದ್ದನ್ನು ಬೇರೆ ಕಟ್ಟು ಕಟ್ಟಿ ಇಡೋಣ ಎಂದೆ.

"ಮೇಡಂ, ಜನಕ್ಕೆ ಬೇಕಾಗಿರೋದೇ ಅದು" ಎಂದಳು ಅವಳು. "ಕಟಿಂಗ್‌ನ ಮುಖ್ಯ ಅಂತ ಮಾಡೋಣ. ಯಾವ ಪುಸ್ತಕ ನೋಡ್ಕೊಂಡು ಟೀಚರ್ ಕಟ್ ಮಾಡಿದ್ರೋ ಆ ಪುಸ್ತಕ ಅದರ ಜೊತೆ ಹೋಗ್ಲಿ."

"ಪುಸ್ತಕ ಪ್ಲಸ್ಸಿನ ಬಲಗಡೆಗಾ?"

"ಯಾಕಾಗ್ಬಾರ್ದು ಮೇಡಂ? ಯಾವುದು ಮುಖ್ಯ ಅನ್ನೋದು ನೋಡಿ ತೀರ್ಮಾನ ಮಾಡೋದು ತಾನೆ?"

ನಾನು ಅಷ್ಟು ವರ್ಷ ಕೈಯಲ್ಲಿಟ್ಟುಕೊಂಡಿದ್ದ ತೀರ್ಮಾನವನ್ನು ಅವಳು ಟೀ ಲೋಟ ಎತ್ತಿಡುವಷ್ಟು ಸಲೀಸಾಗಿ ಎತ್ತಿ ಆಚೆಗಿಟ್ಟಳು. ನನ್ನ ದನಿ ಜೋರಾಯಿತು. ಸೆಕ್ರೆಟರಿ ಬಂದು ಇಬ್ಬರ ಮಾತನ್ನೂ ಕೇಳಿದರು. ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ ಇನ್ನೇನು ಹೇಳಿಯಾರು?

"ಅರ್ಧ ನೀವು ಮಾಡಿ ಮೇಡಂ, ಅರ್ಧ ಅವ್ರು ಮಾಡ್ಲಿ. ಟೀಚರ್ ಬಂದು ನೋಡ್ಲಿ. ಯಾವ ತರ ಇಡೋದು ಅವ್ರಿಗೆ ಒಪ್ಪಿಗೆ ಆಗುತ್ತೋ ಹಾಗೇ ಪೂರ್ತಿ ಮಾಡಿ ಮೇಲಿನ ರೂಮ್‌ನಲ್ಲಿಡೋಣ. ಯಾರ ತರ ಒಪ್ಪಿಗೆ ಆಯ್ತೋ ಅವರೇ ಆ ರೂಮು ನೋಡ್ಕೊಳ್ಳಿ."

ಅಂದರೆ ಕೋಣೆ ಪಂದ್ಯಕ್ಕೆ ಬಿತ್ತು.

ನನ್ನ ಅರ್ಧವನ್ನು ನಾನು ಮಾಡಿದ ಚೆಂದವನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಪುಸ್ತಕಗಳ ಬೆನ್ನು ಅಂಟಿಸಿದೆ. ಅಚ್ಚಾದ ಹಾಳೆಗಳನ್ನು ಮೂಲದ ಮಡಿಕೆಯಲ್ಲೇ ಮಡಿಸಿ ಲಕೋಟೆಗೆ ಹಾಕಿದೆ. ಟೀಚರ್ ಕೈಯ ಕಟಿಂಗ್‌ಗಳನ್ನು ಹೊಸ ಬಿಳಿ ದಾರದಿಂದ ಕಟ್ಟು ಕಟ್ಟಿದೆ. ಪುಸ್ತಕಗಳು ಶೆಲ್ಫಿಗೆ ಹೋದವು, ಲಕೋಟೆಗಳೂ ಕಟ್ಟುಗಳೂ ಬೀರುವಿನ ಮೇಲಿನ ಖಾನೆಯಲ್ಲಿ ನಂಬರಿನ ಪ್ರಕಾರ ನಿಂತವು. "ಹೊಲಿಗೆ ಕಲಿಕೆ, ಎರಡನೆಯ ಭಾಗ, ಪ್ಲಸ್, ನಮೂನೆ ಹಾಳೆಗಳು, ಲಕೋಟೆಯಲ್ಲಿ" ಎಂದು ಶುದ್ಧವಾಗಿ ಟೈಪು ಮಾಡಿದೆ. ಯಾವ ಪರೀಕ್ಷಕರು ಬಂದರೂ ಒಂದು ಚುಕ್ಕಿ ಅತ್ತಿತ್ತ ಎನ್ನುವಂತಿರಲಿಲ್ಲ.

ಅವಳು ಸರಳಿಗೆ ಚೀಲಗಳನ್ನು ನೇತು ಹಾಕಿದಳು. ನೇತು ಹಾಕಿ ಸುಮ್ಮನಾಗಿದ್ದರೂ ತಡೆದುಕೊಳ್ಳುತ್ತಿದ್ದೆ. ಒಂದೊಂದು ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಳು. "ಮೊದಲ ಸಲ ಹೊಲಿಯುವವರಿಗೆ." "ಬಾಣಂತಿಗೆ ಸಡಿಲ ಬ್ಲೌಸ್." "ಕೈ ಎತ್ತಲು ಕಷ್ಟವಾದ ಅಜ್ಜಿಯರಿಗೆ, ಮುಂದೆ ಹುಕ್ಕು." "ಹೆಗಲು ಜಾರದ ಬ್ಲೌಸ್." ಪುಸ್ತಕ ಓದಲು ಬಂದ ಹೆಂಗಸರು ಸರಳಿನ ಹತ್ತಿರ ನಿಂತುಬಿಡುತ್ತಿದ್ದರು. ಹೆಸರು ಓದುವುದು, ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುವುದು, ನಗುವುದು. ನನ್ನ ಬೀರುವಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಲೈಬ್ರರಿ ಎಂದರೆ ಗಲಾಟೆ ಇರಬಾರದು ಎಂದು ಎರಡು ಸಲ ಗದರಿಸಿದೆ. ಅವರು ಪಿಸುಗುಟ್ಟಿಕೊಂಡು ನಕ್ಕರು. ಅದು ಇನ್ನೂ ಉರಿಸಿತು.

ಆಗ ನನಗೊಂದು ಉಪಾಯ ಹೊಳೆಯಿತು. ಟ್ರಂಕಿನಲ್ಲಿ ಕಟಿಂಗ್‌ಗಳು ಕಲೆತು ಹೋಗಿದ್ದವು. ಯಾವ ತೋಳು ಯಾವ ಬೆನ್ನಿನದು ಎಂದು ಅವಳು ಗುಂಡುಸೂಜಿಯ ತೂತು, ಪೆನ್ಸಿಲ್ ಗುರುತು ನೋಡಿ ಜೋಡಿಸಿದ್ದಳು. ಅಷ್ಟು ಸರಾಗವಾಗಿ ಜೋಡಿಸಿದ್ದು ಸರಿಯಾಗಿರಲು ಸಾಧ್ಯವೇ ಇಲ್ಲ ಎಂದು ನನ್ನ ನಂಬಿಕೆ. ಒಂದು ಚೀಲ ತೆಗೆದುಕೊಂಡು ಹೋಗಿ, ಅದರಂತೆಯೇ ಕತ್ತರಿಸಿ ಹೊಲಿದು, ಸೊಟ್ಟಗಾದ ಬ್ಲೌಸನ್ನು ಸೆಕ್ರೆಟರಿಯ ಮೇಜಿನ ಮೇಲೆ ಹಾಕಿದರೆ ಆಯಿತು. ಕೆಡಿಸುವುದರಲ್ಲಿ ನನಗೆ ಅನುಭವವಿತ್ತು.

"ಹೆಗಲು ಜಾರದ" ಚೀಲವನ್ನೇ ಆರಿಸಿಕೊಂಡೆ. ಬ್ಯಾಗು ಹೊತ್ತು ಹೊತ್ತು ನನ್ನ ಬಲ ಹೆಗಲು ಸ್ವಲ್ಪ ಇಳಿದಿದೆ. ಯಾವ ಟೈಲರು ಹೊಲಿದರೂ ಬ್ಲೌಸು ಆ ಕಡೆ ಜಾರುತ್ತದೆ. ದಿನವಿಡೀ ಎಳೆದುಕೊಳ್ಳುವುದೇ ಕೆಲಸ. ಅಂಥ ಹೆಗಲಿಗೆ ಯಾವ ಪೇಪರ್ ಕಟಿಂಗೂ ಉತ್ತರ ಹೇಳಲಾರದು. ನನ್ನ ಕಾರ್ಡಿನ ಮೇಲೆ ಬರೆಸಿಕೊಂಡೆ.

"ಹೊಲೀತೀರಾ ಮೇಡಂ?" ಎಂದು ಅವಳು ಕಣ್ಣರಳಿಸಿದಳು.

"ಚೆಕ್ ಮಾಡ್ತೀನಿ" ಎಂದೆ.

ಬಟ್ಟೆಯನ್ನೂ ಯೋಚಿಸಿಯೇ ಆರಿಸಿದೆ. ಹೇಗೂ ಹಾಳಾಗುವ ಬ್ಲೌಸಿಗೆ ಒಳ್ಳೆಯ ಬಟ್ಟೆ ಯಾಕೆ? ನಮ್ಮ ಮನೆಗಳಲ್ಲಿ ತಾಂಬೂಲದಲ್ಲಿ ಬಂದ ಬ್ಲೌಸ್ ಪೀಸುಗಳ ಒಂದು ಚೀಲ ಇರುತ್ತದೆ. ಅವನ್ನು ಯಾರೂ ಹೊಲಿಸುವುದಿಲ್ಲ. ಇವರು ಕೊಟ್ಟದ್ದನ್ನು ಅವರಿಗೆ, ಅವರು ಕೊಟ್ಟದ್ದನ್ನು ಇನ್ನೊಬ್ಬರಿಗೆ, ಹೀಗೆ ಮನೆಯಿಂದ ಮನೆಗೆ ಅರಿಶಿನ ಕುಂಕುಮದ ಜೊತೆ ತಿರುಗುತ್ತಲೇ ಇರುತ್ತವೆ. ಯಾರು ಕೊಟ್ಟದ್ದನ್ನು ಅವರಿಗೇ ವಾಪಸ್ಸು ಕೊಡದಿದ್ದರೆ ಸಾಕು ಎಂಬುದೊಂದೇ ಎಚ್ಚರಿಕೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳು ನನ್ನನ್ನು ಪುಟ್ಟೇನಹಳ್ಳಿಯ ಮನೆಗೆ ಕರೆದು ಒಂದು ಗಿಳಿಹಸಿರು ಪೀಸು ಕೊಟ್ಟಿದ್ದಳು. ಅದನ್ನೇ ತೆಗೆದೆ. ಅವಳ ಬಟ್ಟೆ, ಅವಳ ಚೀಲ, ಅವಳ ಸೋಲು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಅತ್ತೆಯ ಕಾಲದ ಹೊಲಿಗೆ ಮೆಷಿನ್ನಿನ ಮೇಲಿದ್ದ ಟಿ.ವಿ.ಯನ್ನು ಇಳಿಸಿ, ಎಣ್ಣೆ ಬಿಟ್ಟು ಕೂತೆ. ಎಲ್ಲೂ ನನ್ನ ಬುದ್ಧಿ ಉಪಯೋಗಿಸಬಾರದು, ಚೀಲದಲ್ಲಿದ್ದಂತೆಯೇ ಮಾಡಬೇಕು ಎಂದು ಹಟ. ಇಲ್ಲವಾದರೆ ತಪ್ಪು ನನ್ನದು ಎಂದಾರು. ಕಟಿಂಗಿನ ಮೇಲೆ ಟೀಚರ್ ಪೆನ್ಸಿಲಿನಲ್ಲಿ ಬರೆದ ಗುರುತುಗಳ ಪಕ್ಕ ಅವಳು ಸಣ್ಣ ಚೀಟಿ ಅಂಟಿಸಿದ್ದಳು. ಮೊದಲು ಇದು, ಆಮೇಲೆ ಇದು. ಇಳಿದ ಹೆಗಲಿಗೆ ಈ ಗೆರೆ, ಇನ್ನೊಂದಕ್ಕೆ ಆ ಗೆರೆ. ಪುಸ್ತಕದ ಇಂಥ ಚಿತ್ರ ನೋಡಿ. ನಾನು ನೋಡಿದೆ. ಮೆಷಿನ್ನು ಗಡಗಡ ಎಂದಿತು. ನನ್ನ ಗಂಡ ಕೋಣೆಯಿಂದ ತಲೆ ಹಾಕಿ, "ಏನೇ ಇದು?" ಎಂದು ಕೇಳಿ, ನನ್ನ ಮುಖ ನೋಡಿ ತಲೆ ಒಳಗೆಳೆದುಕೊಂಡರು.

ಸಂಜೆಯ ಹೊತ್ತಿಗೆ ಬ್ಲೌಸು ಆಯಿತು. ಕನ್ನಡಿಯ ಮುಂದೆ ಹಾಕಿಕೊಂಡು, ಹುಕ್ಕಿನ ಜಾಗಕ್ಕೆ ಪಿನ್ನು ಚುಚ್ಚಿ, ಎಲ್ಲೆಲ್ಲಿ ಸುಕ್ಕು ಬಿದ್ದಿದೆ ಎಂದು ಬೆರಳಿಟ್ಟು ಹುಡುಕಿದೆ. ಸಿಗಲಿಲ್ಲ. ಕೈ ಎತ್ತಿದೆ, ಇಳಿಸಿದೆ. ಬಗ್ಗಿ ನೆಲ ಮುಟ್ಟಿದೆ. ಬ್ಯಾಗನ್ನು ಬಲ ಹೆಗಲಿಗೆ ನೇತು ಹಾಕಿಕೊಂಡು ಮನೆಯೊಳಗೆಲ್ಲ ನಡೆದಾಡಿದೆ. ಬ್ಲೌಸು ಇದ್ದಲ್ಲಿಂದ ಕದಲಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ ನನ್ನ ಕೈಯಿಂದ ಒಂದು ಬಟ್ಟೆ ಸರಿಯಾಗಿ ಬಂದಿತ್ತು. ಖುಷಿಯಾಗಬೇಕಾಗಿತ್ತು. ಆಯಿತು ಕೂಡ, ಆದರೆ ಆ ಖುಷಿ ಅವಳ ಚೀಲದಿಂದ ಬಂದದ್ದು ಎಂದು ನೆನಪಾದಾಗ ಬಿಚ್ಚಿ ಬಿಸಾಡುವಷ್ಟು ಸಿಟ್ಟು ಬಂತು. ಬಿಸಾಡಲಿಲ್ಲ. ಕಾಜಾ ಹಾಕಿ, ಹುಕ್ಕು ಹೊಲಿದು, ಇಸ್ತ್ರಿ ಮಾಡಿಟ್ಟೆ.

ಸೋಮವಾರ ಚೀಲವನ್ನು ವಾಪಸ್ಸು ಕೊಟ್ಟೆ.

"ಹೇಗಿತ್ತು ಮೇಡಂ?" ಎಂದಳು.

"ಪೀಸುಗಳೆಲ್ಲ ಇವೆ" ಎಂದೆ. ಸುಳ್ಳಲ್ಲ.

ಟೀಚರ್ ನೋಡಲು ಬರುವುದು ಗುರುವಾರ ಎಂದು ಗೊತ್ತಾಗಿತ್ತು. ಅವತ್ತು ಆ ಬ್ಲೌಸು ಹಾಕಿಕೊಂಡು ಹೋಗಬಾರದು ಎಂಬಷ್ಟು ಬುದ್ಧಿ ನನಗಿತ್ತು. ಬೆಳಿಗ್ಗೆ ಬೇರೊಂದನ್ನು ಹಾಕಿಕೊಂಡೆ. ಅದು ಬಾಗಿಲಿಗೆ ಬೀಗ ಹಾಕುವಷ್ಟರಲ್ಲೇ ಜಾರಿತು. ಸರಿಪಡಿಸಿಕೊಂಡೆ, ಮತ್ತೆ ಜಾರಿತು. ಹೊಲಿಗೆ ಪ್ರಪಂಚದ ದೊಡ್ಡವರ ಮುಂದೆ ಇಡೀ ದಿನ ಹೆಗಲು ಎಳೆದುಕೊಂಡು ನಿಲ್ಲಬೇಕಲ್ಲ ಎಂದು ಒಳಗೆ ಹೋಗಿ ಗಿಳಿಹಸಿರನ್ನೇ ತೊಟ್ಟು, ಮೇಲೊಂದು ಸ್ವೆಟರ್ ಹಾಕಿಕೊಂಡೆ. ಬೆಳಿಗ್ಗೆ ಚಳಿಯಿತ್ತು, ಯಾರೂ ಏನೂ ಅನ್ನುವಂತಿರಲಿಲ್ಲ.

ಟೀಚರ್ ಬಂದದ್ದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಬಿಸಿಲೇರಿ ನಾನು ಬೆವರುತ್ತಿದ್ದೆ. ಸ್ವೆಟರ್ ತೆಗೆದು ಸೆರಗು ಹೊದ್ದುಕೊಂಡೆ. ಸೆಕ್ರೆಟರಿಯೂ ಇದ್ದರು, ಅವಳೂ ಇದ್ದಳು. ಮೊದಲು ನನ್ನ ಅರ್ಧ ತೋರಿಸುವುದೆಂದಾಯಿತು. ಶೆಲ್ಫಿನ ಪುಸ್ತಕಗಳನ್ನು ಟೀಚರ್ ಒಂದೊಂದಾಗಿ ಸವರಿ ನೋಡಿದರು. "ಎಷ್ಟು ನೀಟಾಗಿ ಅಂಟಿಸಿದೀಯೇ" ಎಂದರು. ನನ್ನ ಎದೆ ಉಬ್ಬಿತು. ಓರೆಗಣ್ಣಿನಲ್ಲಿ ಅವಳ ಮುಖ ನೋಡಿದೆ. ಅವಳು ನನಗಾಗಿ ಸಂತೋಷಪಡುತ್ತಿದ್ದಂತೆ ಕಂಡಿತು. ನಟನೆ ಎಂದುಕೊಂಡೆ.

"ಎಲ್ಲಿ, ನನ್ನ ಕಟಿಂಗ್‌ಗಳು?" ಎಂದು ಟೀಚರ್ ಕೇಳಿದರು.

ನಾನು ಗತ್ತಿನಿಂದ ಕೀಲಿ ತಿರುಗಿಸಿ, ಬೀರು ತೆರೆದು, ಮೇಲಿನ ಖಾನೆಯ ಕಟ್ಟಿಗೆ ಬಲಗೈ ಚಾಚಿದೆ. ಸೆರಗು ಜಾರಿ ಮೊಣಕೈಗೆ ಬಂತು.

"ಕೈ ಇಳಿಸ್ಬೇಡ ಕಣೇ, ಹಾಗೇ ಇರು" ಎಂದರು ಟೀಚರ್.

ಏನೋ ಹುಳು ಹರಿಯುತ್ತಿದೆ ಎಂದುಕೊಂಡು ನಾನು ಹಾಗೆಯೇ ನಿಂತೆ. ಟೀಚರ್ ಹಿಂದಿನಿಂದ ಬಂದು, ನನ್ನ ಹೆಗಲ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು. ಕಂಕುಳ ಕೆಳಗೆ ಒತ್ತಿ ನೋಡಿದರು. ಬೆನ್ನ ಮೇಲೆ ಅಂಗೈ ಇಟ್ಟರು.

"ಇದು ನನ್ನ ಕಟಿಂಗು" ಎಂದರು. "ಯಾವ ಟೈಲರ್ ಹೊಲಿದಿದ್ದು?"

ಯಾವುದಾದರೂ ಒಂದು ಟೈಲರ್ ಅಂಗಡಿಯ ಹೆಸರು ಹೇಳಿದ್ದರೆ ಆಗಿಹೋಗುತ್ತಿತ್ತು. ನಮ್ಮ ಬೀದಿಯಲ್ಲೇ ನಾಲ್ಕಾರಿವೆ. ಆದರೆ "ನೀನು ಓದ್ಕೋ ಮಗು" ಎಂದ ಬಾಯಿಯಿಂದ ಆ ಪ್ರಶ್ನೆ ಬಂದಿತ್ತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ನಾನೇ ಟೀಚರ್" ಎಂದೆ.

"ನೀನಾ?"

"ಹೂಂ. ಆ ಚೀಲ ನೋಡ್ಕೊಂಡು."

ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾರ್, ಬನ್ನಿ ಇಲ್ಲಿ. ಈ ಹುಡುಗಿ ಒಂದು ಬೇಸ್ಗೆ ಪೂರ್ತಿ ನನ್ನ ಹತ್ರ ಕಲಿತು, ಕೊನೇಗೆ ದಿಂಬಿನ ಕವರ್‌ನ ನಾಲ್ಕೂ ಕಡೆ ಹೊಲಿದು ತಂದಿತ್ತು. ದಿಂಬು ಹಾಕೋದು ಎಲ್ಲಿಂದ? ಅಂಥವಳ ಕೈಲಿ ಇಂಥ ಬ್ಲೌಸ್ ಬಂದಿದೆ ಅಂದ್ರೆ, ಇನ್ನು ಯಾರ ಕೈಲಿ ಬರಲ್ಲ ಹೇಳಿ! ಆ ಚೀಲ ಮಾಡಿದೋರು ಯಾರು?"

ಅವಳು ಮುಂದೆ ಬಂದಳು. ನನ್ನ ಬ್ಲೌಸಿನ ತೋಳಿನ ಅಂಚು ಹಿಡಿದು ನೋಡಿದಳು.

"ಅಯ್ಯೋ ಮೇಡಂ, ಇದು ನಾನು ಹಬ್ಬಕ್ಕೆ ಕೊಟ್ಟ ಪೀಸಲ್ವಾ?" ಎಂದಳು. "ಅದನ್ನ ಯಾರೂ ಹೊಲಿಸ್ಕೊಳ್ಳಲ್ಲ ಮೇಡಂ. ನೀವು ಹೊಲ್ಕೊಂಡ್ರಲ್ಲ."

ನಾನು ಕೈ ಇಳಿಸಿದೆ. ಮೇಲಿನ ಖಾನೆಯ ಕಟ್ಟು ಅಲ್ಲೇ ಉಳಿಯಿತು, ಯಾರೂ ಅದನ್ನು ಮತ್ತೆ ಕೇಳಲಿಲ್ಲ.

ಇನ್ನು ತೀರ್ಮಾನ ಏನೆಂದು ಹೇಳುವುದೇ ಬೇಡ. ಕಾಲು ಮುರಿದ ಕುರ್ಚಿಗಳು ಗುಜರಿಗೆ ಹೋದವು. ಮೇಲಿನ ಕೋಣೆಗೆ ಮೂರು ಕಡೆ ಸರಳು ಬಂತು, ಕಿಟಕಿಯ ಪಕ್ಕ ಕತ್ತರಿಸುವ ಮೇಜು ಬಂತು, ಟೀಚರ್ ಮನೆಯಿಂದ ಒಂದು ಮೆಷಿನ್ನೂ ಬಂತು. ಪರದೆ ನಾನು ಬಸ್ಸಿನಲ್ಲಿ ಅಂದುಕೊಂಡಿದ್ದ ಬಣ್ಣದ್ದಲ್ಲ. ನನ್ನ ಬಣ್ಣಕ್ಕಿಂತ ಅದೇ ಹೊಂದುತ್ತದೆ. "ಕ್ಯಾಟಲಾಗು ಮಾತ್ರ ನಿಮ್ದೇ ಮೇಡಂ, ಅದು ಬೇರೆಯವ್ರ ಕೈಲಾಗಲ್ಲ" ಎಂದು ಸೆಕ್ರೆಟರಿ ನನ್ನನ್ನು ಸಮಾಧಾನ ಮಾಡಿದರು.

ಟೀಚರ್ ಇನ್ನೊಂದು ಮಾತು ಹೇಳಿದ್ದರು. ಆ ಬ್ಲೌಸು ಆ ಚೀಲದ ಜೊತೆಯಲ್ಲೇ ಇರಬೇಕಂತೆ. "ಎದುರಿಗೆ ನೋಡಿದ್ರೆ ಹೆಂಗಸ್ರಿಗೆ ಧೈರ್ಯ ಬರುತ್ತೆ ಕಣೇ. ನಿಂಗೆ ಬಂದಿದ್ದು ಎಲ್ರಿಗೂ ಬರುತ್ತೆ ಅಂತ." ಅವರಿಗೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ. ಆ ಎಂಟ್ರಿಯನ್ನು ಟೈಪು ಮಾಡಿದವಳೂ ನಾನೇ. ಎಡಗಡೆ ಪೇಪರ್ ಕಟಿಂಗ್. ಪ್ಲಸ್, ಒಂದು ಪುಸ್ತಕ. ಪ್ಲಸ್, ಒಂದು ಬ್ಲೌಸು, ಗಿಳಿಹಸಿರು. ಅವಳು ನನ್ನ ಕುರ್ಚಿಯ ಹಿಂದೆ ನಿಂತಿದ್ದಳು.

"ಹೊಲಿದವ್ರು ಅಂತ ನಿಮ್ಮ ಹೆಸ್ರು ಹಾಕಿ ಮೇಡಂ" ಎಂದಳು.

"ಜೊತೇಲಿ ಬಂದಿದ್ದಕ್ಕೆ ಹೆಸ್ರು ಹಾಕಲ್ಲ" ಎಂದೆ. ಹಾಕಲು ಟಿಪ್ಪಣಿಯಲ್ಲಿ ಜಾಗವಿದೆ. ಅದು ಅವಳಿಗೂ ಗೊತ್ತಿತ್ತು.

ಇನ್ನೊಂದು ಹೊಲಿದುಕೊಳ್ಳಬಹುದಲ್ಲ ಎಂದು ನನ್ನ ಗಂಡ ಕೇಳುತ್ತಾರೆ. ಹೊಲಿದುಕೊಳ್ಳಬಹುದು. ಆದರೆ ಆ ಚೀಲ ಒಂದು ದಿನವೂ ಸರಳಿನ ಮೇಲಿರುವುದಿಲ್ಲ. ಒಬ್ಬರು ತಂದಿಟ್ಟರೆ ಇನ್ನೊಬ್ಬರು ಒಯ್ಯುತ್ತಾರೆ. ಬ್ಲೌಸೊಂದು ಮಾತ್ರ ಹೊರಗೆ ಹೋಗದೆ ಹ್ಯಾಂಗರಿನಲ್ಲಿ ಉಳಿಯುತ್ತದೆ. ಚೀಲ ಬೇಕಾದರೆ ಮೇಲೆ ಹೋಗಿ ಹೆಸರು ಬರೆಸಿ ಸರದಿ ಕಾಯಬೇಕು. ನನಗಾಗಿ ಎತ್ತಿಡು ಎಂದು ಒಂದು ಮಾತು ಹೇಳಿದರೆ ಅವಳು ತಕ್ಷಣ ಎತ್ತಿಡುತ್ತಾಳೆ. ಆ ಒಂದು ಮಾತು ನನ್ನ ಬಾಯಿಗೆ ಬರುತ್ತಿಲ್ಲ. ಹಳೆಯ ಬ್ಲೌಸುಗಳ ಹೆಗಲು ಎಳೆದುಕೊಂಡೇ ಕೆಳಗೆ ಕೂತಿದ್ದೇನೆ.

ಈಗ ಗುರುವಾರ ಟೀಚರ್ ನನಗೊಂದು ಸಂಪಿಗೆ ಕೊಟ್ಟು, ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲೇರುತ್ತಾರೆ. ನಾನು ಪುಸ್ತಕ ಜೋಡಿಸುವ ನೆಪದಲ್ಲಿ ಮೆಟ್ಟಿಲ ಕೆಳಗಿನ ಶೆಲ್ಫಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿಗೆ ಮೇಲಿನ ಮಾತೆಲ್ಲ ಕೇಳಿಸುತ್ತದೆ. ಹೊಸದಾಗಿ ಬಂದ ಯಾರಾದರೊಬ್ಬರು ಹ್ಯಾಂಗರಿನಿಂದ ಬ್ಲೌಸು ಇಳಿಸಿ, ತಿರುಗಿಸಿ ಒಳಹೊಲಿಗೆ ನೋಡಿ, "ಎಷ್ಟು ಚೆನ್ನಾಗಿದೆ! ನೀವೇ ಹೊಲಿದಿದ್ದಾ?" ಎಂದು ಅವಳನ್ನು ಕೇಳುತ್ತಾರೆ. ಒಂದೇ ಒಂದು ಸಲ ಅವಳು ಹೂಂ ಎಂದುಬಿಡಲಿ, ಅಥವಾ ಸುಮ್ಮನೆ ನಕ್ಕು ಬೇರೆ ಮಾತಿಗೆ ಹೋಗಲಿ ಎಂದು ನಾನು ಉಸಿರು ಹಿಡಿದು ಕಾಯುತ್ತೇನೆ. ಅಷ್ಟು ಸಿಕ್ಕಿದರೆ ಸಾಕು, ನಾನು ನೆಮ್ಮದಿಯಾಗಿ ಅವಳನ್ನು ದ್ವೇಷಿಸಬಹುದು.

"ಅಲ್ಲ ಆಂಟಿ, ಕೆಳಗೆ ಕೂತಿದ್ದಾರಲ್ಲ, ನಮ್ಮ ಮೇಡಂ, ಅವ್ರು ಹೊಲಿದಿದ್ದು" ಎನ್ನುತ್ತಾಳೆ ಅವಳು. ಪ್ರತಿ ಸಲವೂ ಎನ್ನುತ್ತಾಳೆ.